ಏಳನೇ ನುಡಿಗೆ ನಿಂತ ನೀರು

ಅಳಿವೆ ಬಾಯಿ ಬದಲಿಸಿದ ಹನ್ನೊಂದನೇ ವರ್ಷ, ಎರಡನೇ ಕಾರ್ತಿಕ, ಬಹುಳ ತದಿಗೆ.
ಹೊಸಬಾಯಿ ಕಾಲ್ಮನೆಗಳು, ಕಾಂಡ್ಲಹೊಳೆ.

ಪ್ರಮೀಳಜ್ಜಿಯವರಿಗೆ, ನಿಮ್ಮಿಂದ ಎಂಟನೇ ತಲೆಮಾರಿನ ಗೋಯಿಂದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬು ಗಂಟಿಕ್ಕಿರಬೇಕು. ನಿಮ್ಮ ಪಂಚಾಂಗದಲ್ಲಿ ಒಂದು ವರ್ಷಕ್ಕೆ ಒಂದೇ ಕಾರ್ತಿಕವಂತೆ. ನಮ್ಮಲ್ಲಿ ಮಳೆ ಎರಡು ಸಲ ಬಂದು ಎರಡು ಸಲ ಹೋಗುವುದರಿಂದ ತಿಂಗಳುಗಳನ್ನೂ ಎರಡೆರಡು ಸಲ ಎಣಿಸುತ್ತೇವೆ. ನಿಮ್ಮ ಇಸವಿಯ ಲೆಕ್ಕದಲ್ಲಿ ಇದು ಎಷ್ಟನೆಯದು ಎಂದು ಊರಿನಲ್ಲಿ ಇಬ್ಬರನ್ನು ಕೇಳಿದೆ, ಇಬ್ಬರೂ ಬೇರೆ ಬೇರೆ ಹೇಳಿದರು, ಕೊನೆಗೆ ಜಗಳವಾಡಿದರು. ಅದು ಇರಲಿ. ನಿಮ್ಮನ್ನು ಅಜ್ಜಿ ಎಂದು ಕರೆದುದಕ್ಕೂ ಕ್ಷಮಿಸಬೇಕು. ಈ ಕಾಗದ ಕೈಗೆ ಸಿಗುವ ಹೊತ್ತಿಗೆ ನೀವು ಬಹುಶಃ ಮದುವೆಯೂ ಆಗದ ಹುಡುಗಿ. ನನಗೆ ಅರವತ್ತನಾಲ್ಕು. ಆದರೂ ನಿಮ್ಮನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ, ಏಕೆಂದರೆ ಇಲ್ಲಿ ನಿಮ್ಮ ಹೆಸರು ಹೇಳದೆ ಯಾವ ದೋಣಿಯೂ ನೀರಿಗೆ ಇಳಿಯುವುದಿಲ್ಲ.

ಇಂಥ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಹಿಂದಿನವರಿಗೆ ಬರೆಯುವ ಓಲೆ. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಹಿನ್ನೋಲೆ. ಬರೆದು, ಮಡಚಿ, ಮೇಣ ಹಚ್ಚಿ, ಕಾಂಡ್ಲ ಗಿಡದ ಬುಡದ ಕೆಸರಿನಲ್ಲಿ ಹುಗಿಯುವುದು. ಅದು ಹಿಂದಕ್ಕೆ ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನನಗೆ ಆ ವಿದ್ಯೆ ತಿಳಿಯದು. ಹೆಚ್ಚಿನವರು ಸತ್ತ ತಂದೆಗೋ ತಾಯಿಗೋ ಬರೆಯುತ್ತಾರೆ. ನಾನು ಅದನ್ನು ಮೀನು ಕಚ್ಚದ ಸಂಗತಿಗೆ ಖರ್ಚು ಮಾಡುತ್ತಿದ್ದೇನೆ ಎಂದರೆ ನನ್ನ ಹೆಂಡತಿ ಇನ್ನೂ ನಂಬಿಲ್ಲ. ಯಾವಳೋ ಹಳೆಯ ಪರಿಚಯದವಳಿಗೆ ಬರೆಯುತ್ತಿದ್ದೇನೆ ಎಂಬ ಸಂಶಯದಿಂದ ಎರಡು ಸಲ ಬಂದು ಇಣುಕಿ ಹೋದಳು.

ನಮ್ಮ ಊರನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗಲಿಕ್ಕಿಲ್ಲ. ಕಾಲ್ಮನೆ ಎಂದರೆ ಕಂಬದ ಕಾಲುಗಳ ಮೇಲೆ ನಿಂತ ಮನೆ. ಉಬ್ಬರದ ಹೊತ್ತಿಗೆ ಅಡುಗೆಮನೆಯ ಕೆಳಗೆ ನೀರು, ಇಳಿತದ ಹೊತ್ತಿಗೆ ಏಡಿ. ವೀಳ್ಯದ ಬಳ್ಳಿ ಮಾಡಿನ ಮೇಲೆ ಬೆಳೆಯುತ್ತದೆ, ಭತ್ತ ಗಟ್ಟಿನೆಲದಿಂದ ಬರುತ್ತದೆ. ಗಟ್ಟಿನೆಲ ಎಂದರೆ ಪೂರ್ವಕ್ಕೆ, ಉಬ್ಬರ ಮುಟ್ಟದ ಎತ್ತರದ ಜಾಗ. ಅಲ್ಲಿ ನಮ್ಮವರಿಗೆ ಮನೆ ಇಲ್ಲ, ಸಾಲುಕೊಟ್ಟಿಗೆಯಲ್ಲಿ ಮಲಗಿ ಅಕ್ಕಿಗಿರಣಿಯಲ್ಲಿ ದುಡಿಯಬೇಕು. ನೀವು ಬಸ್ಸಿನಲ್ಲಿ ಓಡಾಡುವ ಹೆದ್ದಾರಿ ನಮಗೆ ಮುಳುಗುರಸ್ತೆ. ಎರಡಾಳು ನೀರಿನ ಕೆಳಗಿದೆ. ಅದರ ಮೈತುಂಬ ಚಿಪ್ಪು ಬೆಳೆದು, ಬಿರುಕಿನಲ್ಲೆಲ್ಲ ಕೆಂಬೇರಿ, ಮುರು ಮೀನುಗಳು ಮನೆ ಮಾಡಿಕೊಂಡಿವೆ. ನಿಮ್ಮ ಕಾಲದ ನೀರಿನ ಟ್ಯಾಂಕಿಗಳನ್ನು ಕರಗಿಸಿ ಮಾಡಿದ ನಮ್ಮ ದೋಣಿ ಆ ರಸ್ತೆಯ ಮೇಲೆ ಲಂಗರು ಹಾಕುತ್ತದೆ. ಬಲೆ ಬಿಟ್ಟರೆ ಚಿಪ್ಪಿಗೆ ಸಿಕ್ಕಿ ಹರಿಯುತ್ತದೆ, ಆದ್ದರಿಂದ ಗಾಳವೇ ಗತಿ. ಒಂದು ದೋಣಿಗೆ ನಾಲ್ಕು ಗಾಳ, ನಾಲ್ಕು ಜಾಗ. ಆ ಜಾಗ ತಾಯಿಯಿಂದ ಮಗಳಿಗೆ, ಮಾವನಿಂದ ಅಳಿಯನಿಗೆ ಬರುವಂಥದು. ಜಾಗ ಉಳ್ಳವರಿಗೆ ಊರು ಉಂಟು, ಇಲ್ಲದವರಿಗೆ ಗಟ್ಟಿನೆಲ.

ನಮ್ಮ ದೋಣಿಯ ನಾಲ್ವರು ಇವರು. ಚುಕ್ಕಾಣಿಯಲ್ಲಿ ತಾಂಡೇಲ ಹಿರಿಯಣ್ಣ, ದೋಣಿಯ ಯಜಮಾನ. ನಡುವೆ ಅವನ ಅಕ್ಕನ ಮಗ ಕುಪ್ಪ, ಬಾಯಿಗೆ ಬೀಗವಿಲ್ಲದ ಮನುಷ್ಯ. ಮುಂದೆ ಸೇಸಿ. ನಾಲ್ಕು ವರ್ಷ ಗಟ್ಟಿನೆಲದ ಗಿರಣಿಯಲ್ಲಿದ್ದು, ಹೋದ ಮಳೆಗಾಲ ತಾಯಿ ತೀರಿಕೊಂಡ ಮೇಲೆ ಅವಳ ಜಾಗಕ್ಕೆ ಬಂದವಳು. ನಾಲ್ಕನೆಯವನು ನಾನು, ಪಾಡುಗಾರ. ನಿಮ್ಮ ಪಾಡನ್ನು ಹಾಡುವವನು.

ಪಾಡು ಎಂದರೆ ನಿಮಗೆ ಹೇಳಿಕೊಡಬೇಕಿಲ್ಲ. ನಿಮ್ಮ ತಮ್ಮ ಒಂದು ದಿನ ಇಳಿತದ ಹೊತ್ತು ತಪ್ಪಿ ಅಳಿವೆಯಾಚೆ ಕೊಚ್ಚಿಹೋಗಿ, ಮರುದಿನ ಜೀವಂತ ಸಿಕ್ಕಿದ ಮೇಲೆ ನೀವು ಕಟ್ಟಿದ ಹನ್ನೆರಡು ನುಡಿಗಳು. ಹಳೆಯ ಅಳಿವೆ ಬಾಯಿಯ ಹತ್ತಿರದ ಮೂರುಗೆರೆ ಕಲ್ಲಿನಲ್ಲಿ ಮೂರನೇ ಗೆರೆ ನೀರಿನಿಂದ ಹೊರಬಂದ ಕೂಡಲೇ ಮೊದಲ ನುಡಿ. ಆಮೇಲೆ ಒಂದು ವೀಳ್ಯದ ಕವಳ ಹಾಕಿ, ಅದು ಬಾಯಲ್ಲಿ ಕರಗಿದ ಮೇಲೆ ಎರಡನೆಯದು. ಹೀಗೆ ಒಂದು ನುಡಿ, ಒಂದು ಕವಳ. ಯಾವ ನುಡಿಗೆ ನೀರು ಎಷ್ಟು ಓಡುತ್ತದೆ, ಯಾವ ನುಡಿಗೆ ಕಾಣೆ ಮೀನು ಮರಳು ಬಿಟ್ಟು ಏಳುತ್ತದೆ, ಯಾವ ನುಡಿಗೆ ಕೆಂಬೇರಿ ಗಾಳದ ಚಟ್ಲಿ ಸಿಗಡಿಗೆ ಬಾಯಿ ಹಾಕುತ್ತದೆ, ಎಲ್ಲವನ್ನೂ ಹೇಳಿದ್ದೀರಿ. ಹನ್ನೆರಡನೇ ನುಡಿಗೆ ನೀರು ನಿಲ್ಲುತ್ತದೆ, ಮೀನು ಬಾಯಿ ಮುಚ್ಚುತ್ತದೆ, ಲಂಗರು ಎತ್ತಬೇಕು. ಗಡಿಯಾರ ನಮ್ಮಲ್ಲಿ ಇಲ್ಲವೆಂದಲ್ಲ. ನೀರಿನ ಮೇಲೆ ಅದನ್ನು ಒಯ್ದರೆ ನಿಮಗೆ ಅಪಮಾನವಂತೆ. ನೀವು ಹಾಗೆ ಹೇಳಿದಿರೋ ಇಲ್ಲವೋ ನನಗೆ ಅನುಮಾನ.

ಈಗ ಹೇಳುವುದನ್ನು ಬರೆಯಲು ನಾಚಿಕೆಯಾಗುತ್ತದೆ. ಹನ್ನೆರಡನೇ ನುಡಿಗೆ ಮೊದಲೇ ಮೀನು ಕಚ್ಚುವುದು ನಿಂತರೆ ನಾವು ನೀರನ್ನು ನೋಡುವುದಿಲ್ಲ, ಒಬ್ಬರನ್ನೊಬ್ಬರು ನೋಡುತ್ತೇವೆ. ಪಾಡು ತಪ್ಪುವುದಿಲ್ಲವಲ್ಲ, ಹಾಗಾದರೆ ತಪ್ಪು ದೋಣಿಯೊಳಗೆ ಇರಬೇಕು. ನಾಲ್ಕೂ ಗಾಳ ಮೇಲೆತ್ತಿ ಕೈ ತೋರಿಸುವುದು, ತಾಂಡೇಲ ಒಂದೊಂದನ್ನೇ ಮೂಸುವುದು. ಸಾಬೂನು, ನೋವಿನ ಎಣ್ಣೆ, ಹೊಗೆಸೊಪ್ಪು, ಏನಿದ್ದರೂ ಸಿಕ್ಕಿಬೀಳುತ್ತದೆ. ಕೈಯಲ್ಲಿ ಏನೂ ಸಿಗದಿದ್ದರೆ ಮನಸ್ಸಿನಲ್ಲಿ ಹುಡುಕುತ್ತೇವೆ. ಒಂದೇ ಪಕ್ಷದಲ್ಲಿ ಒಂದೇ ದೋಣಿಗೆ ಮೂರು ಸಲ ಹೀಗಾದರೆ ಒಬ್ಬರಿಗೆ ದಡ ಕೊಡಬೇಕು. ಎಂದರೆ ಏಳು ಮಳೆಗಾಲ ಅವರು ದೋಣಿ ಹತ್ತುವಂತಿಲ್ಲ, ಜಾಗ ಬೇರೆಯವರಿಗೆ. ಏಳು ಮಳೆಗಾಲ ಕಾದು ಮರಳಿ ಬಂದವರನ್ನು ನಾನು ಕಂಡಿಲ್ಲ.

ಹೋದ ಸಪ್ತಮಿಯಂದು ನಾವು ಮುಳುಗುರಸ್ತೆಗೆ ಹೋದೆವು. ಎಂಥ ಬೆಳಗು ಎನ್ನುತ್ತೀರಿ! ನಾಲ್ಕನೇ ನುಡಿಗೆ ಕುಪ್ಪನಿಗೆ ಮೊಳದುದ್ದದ ಕೆಂಬೇರಿ, ಐದಕ್ಕೆ ನನಗೆ ಎರಡು, ಆರಕ್ಕೆ ಗಾಳ ಇಳಿಸುವುದೇ ತಡ, ಎಳೆತ. ಏಳನೇ ನುಡಿ ಹಾಡಿ ಕವಳಕ್ಕೆ ಸುಣ್ಣ ಹಚ್ಚುತ್ತಿದ್ದೆ. ನಾಲ್ಕು ದಾರಗಳೂ ಒಟ್ಟಿಗೆ ಸಡಿಲವಾದವು. ಒಂದು ಕವಳ ಮುಗಿಯಿತು, ಇನ್ನೊಂದೂ ಮುಗಿಯಿತು. ಹೊಸ ಚಟ್ಲಿ ಚುಚ್ಚಿದೆವು, ಮುಟ್ಟಲಿಲ್ಲ. ಮೀನು ಬಾಯಿ ಮುಚ್ಚಲು ಬೇರೆ ಕಾರಣಗಳಿಲ್ಲವೆ, ಅಜ್ಜಿ? ನೀರುನಾಯಿ ಬಂದರೆ ಮುಚ್ಚುತ್ತದೆ. ಅದರ ತಲೆ ಎಲ್ಲೂ ಕಾಣಲಿಲ್ಲ. ಮೇಲೆ ಘಟ್ಟದಲ್ಲಿ ಮಳೆಯಾಗಿ ಸಿಹಿನೀರು ಇಳಿದರೆ ಮುಚ್ಚುತ್ತದೆ. ನಾನು ಬೊಗಸೆಯಲ್ಲಿ ನೀರು ಮುಕ್ಕಳಿಸಿದೆ, ಉಪ್ಪು ಉಪ್ಪಾಗಿಯೇ ಇತ್ತು. ಗುಡುಗು ಕೂಡಿಬರುವ ಮುಂಚೆ ಹೊಟ್ಟೆ ಭಾರವಾದಂತೆ ತಳದಲ್ಲಿ ಬಿದ್ದುಕೊಳ್ಳುತ್ತದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಉಳಿದದ್ದು ಮನುಷ್ಯರು.

ತಾಂಡೇಲ ಕೈ ಮೂಸಲು ಬಂದಾಗ ಕುಪ್ಪ ಹಿಂದೆ ಸರಿದ. "ಹ್ವಾಯ್, ನನ್ ಕೈ ಎಂತಕ್ಕೆ ಮೂಸುದ್? ಬೆಳಿಗ್ಗೆ ಒಣಮೀನ್ ಚಟ್ನಿ ತಿಂದದ್. ವಾಸ್ನೆಗೆ ಮೀನ್ ದೋಣಿಗೇ ಹಾರ್‌ಕಿತ್."

"ಸೇಸಿ, ನಿನ್ ಕೈ ತೋರ್ಸ್ ಕಾಂಬ," ಎಂದ ಹಿರಿಯಣ್ಣ.

"ಕಾಣಿ ಅಣ್ಣ. ಐದೇ ಬೆರಳ್ ಇಪ್ಪುದ್. ಆರನೇದ್ ಗಿರಣಿಯಂಗೂ ಕೊಡ್ಲಿಲ್ಲ."

ಕುಪ್ಪ ನಕ್ಕ. ನಾನು ನಗಲಿಲ್ಲ. ನನ್ನ ಕಣ್ಣು ಅವಳ ಸೊಂಟದ ಚೀಲದ ಮೇಲಿತ್ತು.

ಮರುದಿನ ಅಷ್ಟಮಿ. ಅಂದು ನಾನು ಹಾಡುತ್ತ ಹಾಡುತ್ತ ಅವಳನ್ನೇ ಕಾದೆ. ಆರನೇ ನುಡಿ ಮುಗಿಯುತ್ತಿದ್ದಂತೆ ಸೇಸಿ ಚೀಲಕ್ಕೆ ಎರಡು ಬೆರಳು ಹಾಕಿದಳು, ಏನನ್ನೋ ಚಿಟಿಕೆಯಷ್ಟು ತೆಗೆದಳು, ದೋಣಿಯ ಅಂಚಿನಿಂದ ಕೈ ಇಳಿಸಿ ನೀರಿಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಚಿಟಿಕೆ. ಏಳನೇ ನುಡಿಗೆ ಮೀನು ನಿಂತಿತು. ಕಳ್ಳಿ ಸಿಕ್ಕಿದಳು ಎಂದುಕೊಂಡೆ. ಗಟ್ಟಿನೆಲದವರು ಯಾವುದೋ ಪುಡಿ ಕೊಟ್ಟು ಕಳಿಸಿದ್ದಾರೆ, ನಮ್ಮ ಮೀನು ನಿಂತರೆ ನಾವೆಲ್ಲ ಅವರ ಗಿರಣಿಗೆ ಹೋಗಬೇಕಾಗುತ್ತದಲ್ಲ! ಕಥೆ ಹೇಳುವವನ ತಲೆ, ನೋಡಿ. ಒಂದು ಚಿಟಿಕೆಯಿಂದ ಒಂದು ಊರಿನ ಪಿತೂರಿ ಕಟ್ಟಿತು. ಆ ಸಂಜೆ ತಾಂಡೇಲನ ಕಿವಿಯಲ್ಲಿ ಊದಿದವನು ನಾನೇ. ಅವನು ಕುಪ್ಪನಿಗೆ ಹೇಳಿದ. ಕುಪ್ಪನಿಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕಾಗಲಿಲ್ಲ.

ನವಮಿಯಂದು ಏಳನೇ ನುಡಿಗೆ ದಾರಗಳು ಸಡಿಲವಾದಾಗ ಹಿರಿಯಣ್ಣ ಸೇಸಿಯ ಚೀಲಕ್ಕೇ ಕೈ ಹಾಕಿದ. ಅವಳು ತಡೆಯಲಿಲ್ಲ. ಚೀಲದಲ್ಲಿ ಇದ್ದದ್ದು ಭತ್ತದ ಹೊಟ್ಟು. ಬರಿಯ ಹೊಟ್ಟು. ಅವನು ಮೂಸಿದ, ನಾಲಿಗೆಗೆ ಮುಟ್ಟಿಸಿದ, ಕುಪ್ಪನಿಗೂ ಕೊಟ್ಟ.

"ಎಂತಾ ಹೆಣೆ ಇದ್? ಮೀನಿಗೆ ಮದ್ದಾ?" ಎಂದ ಹಿರಿಯಣ್ಣ.

ಸೇಸಿ ಚೀಲದ ಬಾಯಿ ಬಿಡಿಸಿ ಹಿಡಿದಳು. ನನ್ನ ಕಡೆ ತಿರುಗಿದಳು. "ಗೋಯ್ದಣ್ಣ, ನೀವ್ ಈಗ ಹಾಡ್ದದ್ ಎಂತ? ಏಳಕ್ಕೆ ನೀರ್ ಓಡ್ತ್ ಅಂದೇ ಅಲ್ದಾ?"

"ಹೌದ್. ಅಜ್ಜಿ ಹೇಳಿದ್ದೇ ಹಾಂಗೆ."

"ಹಾಂಗಾರೆ ಕಾಣಿ, ಓಡ್ತಿತ್ತಾ?" ಎಂದು ಒಂದು ಹಿಡಿ ಹೊಟ್ಟು ತೆಗೆದು ನೀರಿನ ಮೇಲೆ ಚೆಲ್ಲಿದಳು.

ನಾವು ನಾಲ್ವರೂ ಬಗ್ಗಿ ನೋಡಿದೆವು. ಹೊಟ್ಟು ದೋಣಿಯ ಪಕ್ಕದಲ್ಲಿ ಹರಡಿಕೊಂಡಿತು. ಸಮುದ್ರದ ಕಡೆ ಹೋಗಲಿಲ್ಲ, ಹೊಳೆಯ ಕಡೆಯೂ ಹೋಗಲಿಲ್ಲ.

"ಅಲ್ಲೇ ಕೂತಿತಲೆ," ಎಂದ ಕುಪ್ಪ, "ಅತ್ತೆ ಮನೆಗ್ ಬಂದ ಅಳಿಯನ್ ಹಾಂಗೆ." ಯಾರೂ ನಗಲಿಲ್ಲ. ಅವನಿಗೂ ನಗು ಬಂದಿರಲಿಲ್ಲ.

ಹಿರಿಯಣ್ಣ ಹುಟ್ಟಿನ ತುದಿಯಿಂದ ಹೊಟ್ಟನ್ನು ದೂರ ತಳ್ಳಿದ. ಆಮೇಲೆ ನನಗೆ ಹೇಳಿದ: "ಎಂಟ್ ಹಾಡ್."

ನಾನು ಹಾಡಿದೆ, ಅಜ್ಜಿ. ನೀರು ಹೆಬ್ಬಾವಿನ ಹಾಗೆ ಸುಮ್ಮನೆ ಬಿದ್ದಿದ್ದಾಗ, ನೀರು ರಭಸದಿಂದ ಓಡುತ್ತಿದೆ ಎಂದು ಎಂಟನೆಯದನ್ನೂ ಒಂಬತ್ತನೆಯದನ್ನೂ ರಾಗವಾಗಿ ಹಾಡಿದೆ.

ದೋಣಿ ತಿರುಗಿಸಿ ಬರುವಾಗ ನನಗೆ ಎಲ್ಲವೂ ಹೊಳೆಯಿತು. ಹೊಳೆಯದೆ ಇದ್ದರೆ ಒಳ್ಳೆಯದಿತ್ತು. ನಿಮ್ಮ ಕಾಲದಲ್ಲಿ ಮೂರುಗೆರೆ ಕಲ್ಲು ಅಳಿವೆಯ ಬಾಯಲ್ಲೇ ಇತ್ತು. ಹನ್ನೊಂದು ವರ್ಷದ ಹಿಂದಿನ ಬಿರುಗಾಳಿಗೆ ಬಾಯಿ ಎರಡು ಮೈಲಿ ಬಡಗು ದಿಕ್ಕಿಗೆ ಹೋಯಿತು, ಹಳೆಯ ಬಾಯಿಗೆ ಮರಳು ತುಂಬಿತು. ಈಗ ಆ ಕಲ್ಲು ಸತ್ತ ಹಿನ್ನೀರಿನ ಮೂಲೆಯಲ್ಲಿದೆ. ಅಲ್ಲಿಂದ ನೀರು ಸುತ್ತಿ ಬಳಸಿ ಹೊರಡುವುದು ತೀರ ತಡ. ಅಲ್ಲಿ ಮೂರನೇ ಗೆರೆ ಕಾಣುವ ಹೊತ್ತಿಗೆ ಮುಳುಗುರಸ್ತೆಯಲ್ಲಿ ಇಳಿತ ಶುರುವಾಗಿ ಐದು ಕವಳದಷ್ಟು ಹೊತ್ತು ಕಳೆದಿರುತ್ತದೆ. ಆದರೂ ನಾವು ಬೆಳಗ್ಗೆ ಎದ್ದು, ತಪ್ಪುದಿಕ್ಕಿಗೆ ಅಷ್ಟು ದೂರ ಹುಟ್ಟು ಹಾಕಿಕೊಂಡು ಹೋಗಿ, ಅದೇ ಕಲ್ಲಿಗೆ ಕೈ ಮುಗಿದು, ಅಲ್ಲಿಂದಲೇ ಪಾಡು ಶುರು ಮಾಡುತ್ತೇವೆ. ನೀವು ಆ ಕಲ್ಲನ್ನು ಹೇಳಿದ್ದೀರಿ. ಬೇರೆ ಕಲ್ಲಿನಿಂದ ಶುರು ಮಾಡಲು ನಾವು ಯಾರು?

ಇನ್ನೊಂದು ಇದೆ, ಅದು ಇನ್ನೂ ಕೆಟ್ಟದ್ದು. ದಡ ಕೊಟ್ಟ ಮೇಲೆ ದೋಣಿಯನ್ನು ಹುಣ್ಣಿಮೆಯೋ ಅಮಾವಾಸ್ಯೆಯೋ ಬರುವ ತನಕ ನೀರಿಗೆ ಇಳಿಸಬಾರದು ಎಂಬುದು ನಮ್ಮ ಪದ್ಧತಿ. ಆ ದಿನಗಳಲ್ಲಿ ನೀರಿಗೆ ಎಂಥ ಸೆಳೆತ! ನಿಂತಿತು ಎನ್ನುವಷ್ಟರಲ್ಲಿ ಹಿಂದಕ್ಕೆ ಹರಿಯತೊಡಗುತ್ತದೆ, ಮೀನು ಮತ್ತೆ ಬಾಯಿ ಹಾಕುತ್ತದೆ, ಪಾಡಿಗೂ ನೀರಿಗೂ ನಡುವಿನ ಬಿರುಕು ಯಾರಿಗೂ ಕಾಣುವುದಿಲ್ಲ. ಅಷ್ಟಮಿಯ ಆಸುಪಾಸಿನ ನೀರು ಸೋಮಾರಿ. ನಿಂತರೆ ನಿಂತೇಬಿಟ್ಟಿತು. ಹೀಗಾಗಿ ನಾವು ಅಷ್ಟಮಿಗೆ ಒಬ್ಬರನ್ನು ಇಳಿಸುವುದು, ಹುಣ್ಣಿಮೆಗೆ ಮೀನು ರಾಶಿ ಬೀಳುವುದು, ಕಂಡಿರಾ, ದೋಷ ಅವರದ್ದೇ ಆಗಿತ್ತು ಎನ್ನುವುದು. ಈ ಹನ್ನೊಂದು ವರ್ಷದಲ್ಲಿ ಊರು ಐವರಿಗೆ ದಡ ಕೊಟ್ಟಿದೆ. ಅವರಲ್ಲಿ ಮೂವರ ಹೆಸರು ಹೇಳಿದವನು ನಾನು. ಬಡಿಯ ಎಂಬವನ ಕೈಯಲ್ಲಿ ಸಾಬೂನಿನ ವಾಸನೆ ಇತ್ತು. ಅವನ ಹೆಂಡತಿ ಹೆತ್ತು ನಾಲ್ಕು ದಿನವಾಗಿತ್ತು, ಕೂಸಿನ ಬಟ್ಟೆ ಒಗೆದು ನೇರ ದೋಣಿಗೆ ಬಂದಿದ್ದ.

ದಶಮಿಯಂದು ಊರು ಸೇರಿತು. ತಾಂಡೇಲ ಮೂರು ಸಲ ಮೀನು ನಿಂತದ್ದನ್ನು ಹೇಳಿದ. ಕುಪ್ಪ ನೆಲ ನೋಡುತ್ತ ಸೇಸಿಯ ಹೆಸರು ಹೇಳಿದ. ಪಾಡುಗಾರ ಕೊನೆಯಲ್ಲಿ ಮಾತಾಡಬೇಕು, ಅವನು ಹೇಳಿದ್ದೇ ಸೈ. ಸೇಸಿ ಬಟ್ಟೆಯ ಗಂಟು ಕಟ್ಟಿ ಪಕ್ಕದಲ್ಲಿಟ್ಟುಕೊಂಡೇ ಬಂದಿದ್ದಳು. ಪಾಡು ತಪ್ಪಾಗಿದೆ ಎಂದು ಅವಳು ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಏಳು ಮಳೆಗಾಲವಲ್ಲ, ಜನ್ಮಪೂರ್ತಿ ದಡ. ಅದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ನಾನು ಎದ್ದು ನಿಂತೆ. ನಿಮ್ಮ ಪಾಡು ಈಗಿನ ನೀರಿಗೆ ಹೊಂದುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಎದುರಿಗೆ ನನ್ನ ಬಾಯಿಂದಲೇ ಪಾಡು ಕಲಿತ ಎಂಬತ್ತು ತೊಂಬತ್ತು ಮುಖಗಳು. ಮಾತು ಗಂಟಲಲ್ಲಿ ಬೇರೆ ದಾರಿ ಹಿಡಿಯಿತು. "ಸೇಸಿದ್ ತಪ್ಪಿಲ್ಲ. ನಾ ಹಾಡುದ್ ತಪ್ಪಿದೆ. ಕವಳ ಜಾಸ್ತಿ ಹೊತ್ತ್ ಅಗ್ದೆ," ಎಂದೆ. ಪಾಡುಗಾರ ತಪ್ಪಿದ, ಪಾಡು ತಪ್ಪಲಿಲ್ಲ. ಎಲ್ಲರ ಮುಖದಲ್ಲೂ ನಿರಾಳ ಕಂಡಿತು. ನನಗೆ ದಡ ಕೊಟ್ಟರು.

ಸೇಸಿಯ ಜಾಗ ಉಳಿಯಿತು ಎಂದು ನಾಲ್ಕು ದಿನ ನೆಮ್ಮದಿಯಿಂದ ಉಂಡೆ. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ಹುಣ್ಣಿಮೆಯ ದಿನ ನಮ್ಮ ದೋಣಿ ಮೂವರನ್ನೇ ಹೊತ್ತು ಹೋಗಿ ಹದಿನೆಂಟು ಕೆಂಬೇರಿ ತಂದಿತು. ಸೇಸಿ ಒಂದನ್ನು ಬಾಳೆನಾರಿನಲ್ಲಿ ಪೋಣಿಸಿಕೊಂಡು ನಮ್ಮ ಮನೆಗೆ ಬಂದಳು.

"ಊರೆಲ್ಲ ಹೇಳ್ತಿದ್ರ್ ಗೋಯ್ದಣ್ಣ, ದೋಷ ನಿಮ್ದೇ ಅಂಬ್ರ್."

"ನೀ ಎಂತ ಹೇಳ್ದೆ?"

"ನಾ ಎಂತ ಹೇಳುದ್? ಸುಮ್ನೆ ಮೀನ್ ಕೊಯ್ದೆ." ಅವಳು ಮೆಟ್ಟಿಲಿಳಿದು ಮತ್ತೆ ತಿರುಗಿ ನಿಂತಳು. "ಅಷ್ಟಮಿಗೆ ಇನ್ನೆಂಟ್ ದಿನ. ಆಗ ಯಾರ್ ಕೈ ಮೂಸ್ತ್ರ್ ಹೇಳಿ?"

ಆ ಎಂಟರಲ್ಲಿ ಮೂರು ದಿನ ಹೋಯಿತು. ಅಷ್ಟಮಿಗೆ ಮೀನು ನಿಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ಮೂರೇ ಜನ ಉಳಿದಿದ್ದಾರೆ. ಒಬ್ಬ ತಾಂಡೇಲ, ಒಬ್ಬ ತಾಂಡೇಲನ ಅಕ್ಕನ ಮಗ. ಈ ಸಲ ಅಡ್ಡ ನಿಲ್ಲಲು ನಾನು ದೋಣಿಯಲ್ಲಿಲ್ಲ. ದಡ ಕೊಟ್ಟವನ ಮಾತನ್ನು ಊರು ಕೇಳುವುದೂ ಇಲ್ಲ. ಅಂದು ಬಾಯಿ ತೆರೆದಾಗಲೇ ಪೂರ್ತಿ ಮಾತು ಹೇಳಬೇಕಿತ್ತು. ಅರ್ಧ ಹೇಳಿ ನಾನು ಸೇಸಿಗೆ ಕೊಡಿಸಿದ್ದು ಒಂದು ಪಕ್ಷದ ವಾಯಿದೆ ಮಾತ್ರ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಲ್ಲನ್ನು ಬದಲಿಸಿ ಎಂದು ಕೇಳುವುದಿಲ್ಲ. ನಿಮ್ಮ ನೀರಿಗೆ ನಿಮ್ಮ ಕಲ್ಲು ಸರಿ, ಅದನ್ನು ಬದಲಿಸಿದರೆ ನಿಮ್ಮ ತಮ್ಮ ಮತ್ತೆ ಕೊಚ್ಚಿಹೋಗುತ್ತಾನೆ. ನಮ್ಮ ಬಾಯಿಗೆ ಸರಿಯಾಗಿ ಕಟ್ಟಿಕೊಟ್ಟರೂ ಪ್ರಯೋಜನವಿಲ್ಲ, ಈ ಬಾಯಿಯೂ ಎಷ್ಟು ವರ್ಷ ಇಲ್ಲಿರುತ್ತದೋ. ಹನ್ನೆರಡರ ಮುಂದೆ ಹದಿಮೂರನೆಯದಾಗಿ ಒಂದು ಸಾಲು ಸೇರಿಸಿ, ಅಷ್ಟೇ. ಈ ಪಾಡು ಕಟ್ಟಿದವಳಿಗೂ ತಪ್ಪಬಹುದು, ಹಾಡುವ ಮುಂಚೆ ಒಂದು ಹಿಡಿ ಹೊಟ್ಟು ಚೆಲ್ಲಿ ನೋಡಿ ಎಂದು. ರಾಗ ನೀವೇ ಹಾಕಿ. ಆ ಮಾತನ್ನು ಸೇಸಿ ಹೇಳಿದರೆ ದಡ, ನಾನು ಹೇಳಿದರೆ ಹುಚ್ಚು. ನೀವು ಹೇಳಿದರೆ ಎಂಟು ತಲೆಮಾರು ಕೈ ಮುಗಿದು ಹಾಡುತ್ತಾರೆ.

ಕಾಗದವನ್ನು ಇಂದು ಸಂಜೆ ಇಳಿತಕ್ಕೆ ಹುಗಿಯುತ್ತೇನೆ. ನಾಳೆ ಬೆಳಗ್ಗೆ ಅಂಗಳದ ಕಂಬಕ್ಕೆ ಒರಗಿ ಮೊದಲಿನಿಂದ ಹನ್ನೆರಡೂ ನುಡಿಗಳನ್ನು ಹಾಡುತ್ತೇನೆ. ಮುಗಿದ ಮೇಲೆ ಕೂಡಲೇ ಏಳುವುದಿಲ್ಲ. ಬಾಯಿಗೆ ತಾನಾಗಿ ಇನ್ನೊಂದು ಸಾಲು ಬರುತ್ತದೋ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ.

ನಿಮ್ಮ,
ಗೋಯಿಂದ